ಕಾಡಿನ ಹೂ ಕಿತ್ತರೆ ಅಪರಾಧವೆ?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಹಿಂದಿನ ಸಭೆಯಲ್ಲಿ ಬೋನಸ್ಸಿನ ಮಾತೆಲ್ಲ ಮುಗಿದ ಮೇಲೆ ಹೂ ಮಾರುವ ಒಬ್ಬ ಅಕ್ಕ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಮೇಷ್ಟ್ರೇ, ಗೌರಿ ಹಬ್ಬಕ್ಕೆ ಅಂತ ಕಾಡಿನ ಕಡೆಯಿಂದ ಗೌರಿ ಹೂ ತರ್ತಿದ್ವಿ. ದಾರೀಲಿ ತಡೆದು ಬುಟ್ಟಿ ಇಳಿಸಿಕೊಂಡ್ರು. ಕಾಡಿನ ಹೂ ಕೀಳೋದು ಕಾನೂನಿಗೆ ವಿರುದ್ಧ, ಜೈಲಿಗೆ ಹಾಕ್ತೀವಿ ಅಂದ್ರು. ಹೂ ಕಿತ್ರೂ ಜೈಲಾ?" ಕೆಲವರು ನಕ್ಕರು. ವೇಳೆ ಆಗಿತ್ತು, ಉತ್ತರವನ್ನು ಈ ವಾರಕ್ಕೆ ಇಟ್ಟುಕೊಂಡೆವು.

ನಗುವ ಮಾತಲ್ಲ ಇದು. ಆ ಬುಟ್ಟಿಯ ಬೆಲೆ ಒಂದು ದಿನದ ಕೂಲಿ. ಹಬ್ಬದ ಮುಂಚಿನ ದಿನವಾದರೆ ಒಂದು ವಾರದ ಸಂಪಾದನೆ. ಬುಟ್ಟಿ ಹೋದರೆ ಆ ಮನೆಯಲ್ಲಿ ಹಬ್ಬವಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಾನೂನು ಏನು ಹೇಳುತ್ತದೆ ಎಂದು ತಿಳಿಯದವನ ಮೇಲೆ ತಿಳಿದವನು ದರ್ಬಾರು ಮಾಡುತ್ತಾನೆ. ತಿಳಿದಂತೆ ನಟಿಸುವವನು ಇನ್ನೂ ಹೆಚ್ಚು ಮಾಡುತ್ತಾನೆ. ಗಿರಣಿಯಲ್ಲಿ ಸ್ಟ್ಯಾಂಡಿಂಗ್ ಆರ್ಡರು ಓದಿದ ಮೇಲೆ ಜಾಬರನ ಧ್ವನಿ ಎಷ್ಟು ಇಳಿಯಿತು ಎಂಬುದನ್ನು ನೀವು ನೋಡಿದ್ದೀರಿ. ಕಾಡಿನ ಕಾಯಿದೆಯನ್ನೂ ಹಾಗೆಯೇ ಓದೋಣ.

ಕಾಯಿದೆ ಕೇಳುವ ಮೂರು ಪ್ರಶ್ನೆ

ಹೂ ಕೀಳುವುದು ಅಪರಾಧವೇ ಎಂದು ಕೇಳಿದರೆ ಹೌದು ಎಂದಾಗಲೀ ಇಲ್ಲವೆಂದಾಗಲೀ ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಕಾಯಿದೆಯು ಮೂರು ಪ್ರಶ್ನೆ ಕೇಳುತ್ತದೆ. ಹೂ ಬೆಳೆದ ನೆಲ ಯಾರದು? ಗಿಡ ಯಾವುದು? ಕಿತ್ತವರು ಯಾರು, ಯಾತಕ್ಕಾಗಿ ಕಿತ್ತರು? ಈ ಮೂರಕ್ಕೂ ಉತ್ತರ ಗೊತ್ತಾದರೆ ಅಪರಾಧ ಹೌದೋ ಅಲ್ಲವೋ ಗೊತ್ತಾಗುತ್ತದೆ. ದಾರಿಯಲ್ಲಿ ಬುಟ್ಟಿ ಇಳಿಸಿಕೊಂಡವರು ಈ ಮೂರರಲ್ಲಿ ಒಂದನ್ನೂ ಕೇಳಲಿಲ್ಲವೆಂದು ಆ ಅಕ್ಕ ಹೇಳಿದರು.

ಮೊದಲು ನೆಲ. ನಿಮ್ಮ ಸ್ವಂತ ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ತುಂಬೆ, ಎಕ್ಕ, ತಂಗಡಿ ಹೂಗಳನ್ನು ಕೀಳಲು ಯಾರ ಅಪ್ಪಣೆಯೂ ಬೇಡ. ಬೇರೆಯವರ ಜಮೀನಿನಲ್ಲಿ ತಾನಾಗಿ ಬೆಳೆದದ್ದು ಜಮೀನಿನ ಒಡೆಯನದೇ. ಅಲ್ಲಿ ಕಾಯಿದೆಯ ಒಂದು ಸ್ವಾರಸ್ಯವುಂಟು. ಗಿಡದಲ್ಲಿರುವ ತನಕ ಹೂವು ನೆಲಕ್ಕೆ ಅಂಟಿಕೊಂಡ ವಸ್ತು. ನೆಲಕ್ಕೆ ಅಂಟಿದ್ದನ್ನು ಕದಿಯಲಾಗುವುದಿಲ್ಲ. ಕಿತ್ತ ಕ್ಷಣದಲ್ಲಿ ಅದು ಚರವಸ್ತುವಾಗುತ್ತದೆ. ಆ ಕ್ಷಣದಲ್ಲಿ ಕಳವೂ ಆಗಬಹುದು. 1860ರ ದಂಡಸಂಹಿತೆಯಲ್ಲಿ ಹೀಗೆ ಬರೆದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಕಳವಿನ ಕಲಮಿನ ಕೆಳಗೆ ಇದೇ ವಿವರಣೆಯಿದೆ. ಆದರೆ ಕಳವು ಎನ್ನಬೇಕಾದರೆ ಅಪ್ರಾಮಾಣಿಕ ಉದ್ದೇಶವಿರಬೇಕು. ಊರಿನವರೆಲ್ಲ ಲಾಗಾಯ್ತಿನಿಂದ ಕೀಳುತ್ತ ಬಂದ ಜಾಗದಲ್ಲಿ, ಯಾರೂ ಬೇಡವೆನ್ನರೆಂಬ ನಂಬಿಕೆಯಿಂದ ಕಿತ್ತರೆ ಅದು ಕಳವಲ್ಲ. ಇನ್ನೊಂದು ಕಲಮೂ ಉಂಟು. ಸಾಮಾನ್ಯ ಬುದ್ಧಿಯ, ಸಾಮಾನ್ಯ ಸ್ವಭಾವದ ಮನುಷ್ಯನು ದೂರು ಹೇಳದಷ್ಟು ಅಲ್ಪವಾದ ಹಾನಿ ಅಪರಾಧವೇ ಅಲ್ಲ. ಹಳೆಯ ಸಂಹಿತೆಯಲ್ಲಿ ಅದು 95ನೆಯ ಕಲಂ. ಹೊಸದರಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ. ಮಗು ಬೇಲಿಯ ಮೇಲಿನ ಹೂ ಕಿತ್ತರೆ ಪೊಲೀಸ್ ಠಾಣೆಗೆ ಓಡುವ ಒಡೆಯನಿಗೆ ಈ ಕಲಂ ತೋರಿಸಿದರೆ ಸಾಕು.

ಗೋಮಾಳ, ಕೆರೆಯಂಗಳ, ರಸ್ತೆಯ ಬದಿ ಇವು ಸರ್ಕಾರದ ಅಥವಾ ಪಂಚಾಯಿತಿಯ ಜಾಗ; ಕಾಡೆಂದು ಪ್ರಕಟಿಸದ ಹೊರತು ಅರಣ್ಯ ಕಾಯಿದೆ ಅಲ್ಲಿಗೆ ತಾನಾಗಿ ಬರುವುದಿಲ್ಲ. ಕೆರೆಯ ತಾವರೆಯನ್ನು ಪಂಚಾಯಿತಿ ಹರಾಜು ಹಾಕಿದ್ದರೆ ಗುತ್ತಿಗೆದಾರನನ್ನು ಕೇಳಬೇಕು, ಅಷ್ಟೇ.

ಈಗ ಅಸಲಾದ ಜಾಗಕ್ಕೆ, ಕಾಡಿಗೆ, ಬರೋಣ.

ಹೂವು 'ಅರಣ್ಯ ಉತ್ಪನ್ನ'ವಾದ ಕಥೆ

ಬ್ರಿಟಿಷರು 1864ರಲ್ಲಿ ಅರಣ್ಯ ಇಲಾಖೆಯನ್ನು ಕಟ್ಟಿದರು. ರೈಲು ಹಾದಿ ಬೆಳೆಯುತ್ತಿತ್ತು. ಹಳಿಯ ಕೆಳಗೆ ಹಾಸಲು ಮರದ ತೊಲೆ ಬೇಕಾಗಿತ್ತು. 1865ರಲ್ಲಿ ಮೊದಲ ಅರಣ್ಯ ಕಾಯಿದೆ, 1878ರಲ್ಲಿ ಎರಡನೆಯದು, 1927ರಲ್ಲಿ ಮೂರನೆಯದು. ಹಳೆಯ ಮೈಸೂರು ಸೀಮೆಗೆ 1900ರಲ್ಲಿ ಪ್ರತ್ಯೇಕ ರೆಗ್ಯುಲೇಷನ್ ಬಂತು. ರಾಜ್ಯ ಒಂದಾದ ಮೇಲೆ ಇಡೀ ನಾಡಿಗೆ 1963ರ ಅರಣ್ಯ ಕಾಯಿದೆ ಆಯಿತು. ಬರೆದ ಕೈ ಬೇರೆ ಬೇರೆ, ನಕ್ಷೆ ಒಂದೇ.

ಆ ನಕ್ಷೆಯಲ್ಲಿ 'ಅರಣ್ಯ ಉತ್ಪನ್ನ' ಎಂಬ ಒಂದು ಮಾತಿದೆ. ಕಾಡಿನಲ್ಲಿ ಸಿಕ್ಕ ಅಥವಾ ಕಾಡಿನಿಂದ ತಂದ ಮರ, ಎಲೆ, ಹೂವು, ಹಣ್ಣು, ಹುಲ್ಲು, ಬಳ್ಳಿ, ಜೇನು, ಮೇಣ ಎಲ್ಲವೂ ಅರಣ್ಯ ಉತ್ಪನ್ನ. ಹೂವಿನ ಹೆಸರು ಕಾಯಿದೆಯಲ್ಲೇ ಇದೆಯೆಂಬುದನ್ನು ಗಮನಿಸಿ. ಮೀಸಲು ಅರಣ್ಯದಿಂದ ಯಾವುದೇ ಅರಣ್ಯ ಉತ್ಪನ್ನವನ್ನು ಅಪ್ಪಣೆಯಿಲ್ಲದೆ ಸಂಗ್ರಹಿಸುವುದು, ಸಾಗಿಸುವುದು ಅಪರಾಧ. 1927ರ ಕಾಯಿದೆ ಬರೆದಾಗ 26ನೆಯ ಕಲಮಿನಲ್ಲಿ ಅದಕ್ಕಿಟ್ಟ ಶಿಕ್ಷೆ ಆರು ತಿಂಗಳವರೆಗಿನ ಸಜೆ, ಅಥವಾ 500 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಆದುದರಿಂದ ಮೀಸಲು ಅರಣ್ಯದ ಒಳಗೆ ಕಿತ್ತ ಒಂದು ಹಿಡಿ ಹೂವೂ ಲೆಕ್ಕದ ಪ್ರಕಾರ ಅಪರಾಧವೇ.

ಆದರೆ ಕಾಡೆಲ್ಲ ಮೀಸಲು ಅರಣ್ಯವಲ್ಲ. ಮೀಸಲು ಅರಣ್ಯದಲ್ಲಿ, ಅಪ್ಪಣೆ ಕೊಟ್ಟದ್ದನ್ನು ಬಿಟ್ಟು ಉಳಿದದ್ದೆಲ್ಲ ನಿಷಿದ್ಧ. ಜಿಲ್ಲಾ ಅರಣ್ಯ, ಗ್ರಾಮ ಅರಣ್ಯ ಮುಂತಾದವುಗಳಲ್ಲಿ, ನಿಯಮ ಮಾಡಿ ನಿಷೇಧಿಸಿದ್ದನ್ನು ಬಿಟ್ಟು ಉಳಿದದ್ದಕ್ಕೆ ಅಡ್ಡಿಯಿಲ್ಲ. ಎರಡು ಕಾಡೂ ನೋಡುವುದಕ್ಕೆ ಒಂದೇ ತರಹ. ಎರಡರ ನಡುವಿನ ಗಡಿ ಕಚೇರಿಯ ನಕ್ಷೆಯಲ್ಲಿ ಇರುತ್ತದೆ. ಅದನ್ನು ಬುಟ್ಟಿ ಹೊತ್ತವರಿಗೆ ತೋರಿಸಿದವರು ಯಾರೂ ಇಲ್ಲ.

ಇನ್ನೊಂದು ಕಲಂ ಇದಕ್ಕಿಂತ ಬಿಗಿ. ಅರಣ್ಯ ಉತ್ಪನ್ನ ಯಾರದೆಂಬ ತಕರಾರು ಬಂದರೆ, ಬೇರೆ ರುಜುವಾತು ಆಗುವ ತನಕ ಅದು ಸರ್ಕಾರದ್ದೆಂದೇ ಭಾವಿಸತಕ್ಕದ್ದು. 1927ರ ಕಾಯಿದೆಯ 69ನೆಯ ಕಲಂ ಹೀಗೆ ಹೇಳುತ್ತದೆ. ನಮ್ಮ ರಾಜ್ಯದ ಕಾಯಿದೆಯಲ್ಲೂ ಇಂಥದೇ ಮಾತುಂಟು. ಬೇರೆ ಮೊಕದ್ದಮೆಗಳಲ್ಲಿ ಸರ್ಕಾರ ತನ್ನ ಆಪಾದನೆಯನ್ನು ತಾನೇ ರುಜುವಾತು ಮಾಡಬೇಕು. ಇಲ್ಲಿ ಬುಟ್ಟಿಯಲ್ಲಿರುವುದು ತನ್ನದೆಂದು ಹೂ ಮಾರುವ ಹೆಂಗಸು ರುಜುವಾತು ಮಾಡಬೇಕು. ಹೂವಿಗೆ ಎಲ್ಲಿಯ ರಸೀದಿ?

ಹಿಪ್ಪೆ ಹೂವಿನ ಮೇಲೆ ಕಾವಲು

ಹೂವನ್ನು ಹಿಡಿಯಲೆಂದೇ ಮಾಡಿದ ಕಾಯಿದೆಯೊಂದು ನಮ್ಮ ದೇಶದಲ್ಲಿ ಇತ್ತು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ, ಏಕೆಂದರೆ ಕಾಯಿದೆಯ ಹಿಂದಿನ ಲಾಭದ ಲೆಕ್ಕ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಮಹುವಾ ಎಂಬ ಮರವನ್ನು ನೀವು ಕೇಳಿದ್ದೀರಿ. ಮರಾಠಿಯವರು ಮೋಹ ಎನ್ನುತ್ತಾರೆ. ನಮ್ಮ ಕಡೆಯ ಹಿಪ್ಪೆಯ ಬಳಗದ್ದೇ. ಬೇಸಿಗೆ ಕಾಲಿಡುವಾಗ, ಮಾರ್ಚಿ-ಏಪ್ರಿಲಿನಲ್ಲಿ, ಬೆಳಗಾಗುವ ಮುಂಚೆ ಅದರ ದಪ್ಪ ದಳದ ಹೂವುಗಳು ತಾವಾಗಿ ನೆಲಕ್ಕೆ ಉದುರುತ್ತವೆ. ಅದನ್ನು ಕೀಳುವುದಿಲ್ಲ, ಆರಿಸುತ್ತಾರೆ. ಹೆಂಗಸರು ಮಕ್ಕಳು ನಸುಕಿನಲ್ಲೇ ಹೋಗಿ ಬುಟ್ಟಿ ತುಂಬಿ ತಂದು ಬಿಸಿಲಿಗೆ ಒಣಗಿಸುತ್ತಾರೆ. ಸಿಹಿಯಾದ ಹೂವು, ಬೇಯಿಸಿ ತಿನ್ನುತ್ತಾರೆ, ದನಕ್ಕೂ ಹಾಕುತ್ತಾರೆ, ಸಾರಾಯಿಯನ್ನೂ ಇಳಿಸುತ್ತಾರೆ. ಕಣಜ ಬರಿದಾಗಿ ಮಳೆ ಇನ್ನೂ ಬಾರದ ಹಸಿವಿನ ತಿಂಗಳುಗಳಲ್ಲಿ ಕಾಡು ಜನಕ್ಕೆ ಈ ಹೂವೇ ಅನ್ನ.

ಮುಂಬಯಿ ಸರ್ಕಾರ 1878ರಲ್ಲಿ ಅಬಕಾರಿ ಕಾಯಿದೆ ಮಾಡಿತು. ಸಾರಾಯಿ ಇಳಿಸುವ ಹಕ್ಕನ್ನು ಗುತ್ತಿಗೆ ಕೊಟ್ಟು ಬೊಕ್ಕಸ ತುಂಬಿಕೊಳ್ಳುವುದು ಅದರ ತಿರುಳು. ಆದರೆ ಗುಡಿಸಲಿನಲ್ಲಿ ಹೂವಿದ್ದರೆ ಗುತ್ತಿಗೆದಾರನ ಅಂಗಡಿಗೆ ಯಾರು ಬರುತ್ತಾರೆ? ಸಾರಾಯಿಯನ್ನು ಹಿಡಿದದ್ದು ಸಾಲದೆ ಹೂವನ್ನೂ ಹಿಡಿಯಬೇಕೆಂದು ನಿರ್ಧಾರವಾಯಿತು. 1892ರಲ್ಲಿ ಠಾಣೆ ಮತ್ತು ಕೊಲಾಬಾ ಜಿಲ್ಲೆಗಳಿಗೆ ಮೋಹದ ಹೂವಿನ ಕಾಯಿದೆಯೇ ಬಂತು. ವಾರಲಿ, ಕಾತಕರಿ, ಠಾಕೂರ ಜನರ ಸೀಮೆ ಅದು. ಸಾವಿರಾರು ವರ್ಷಗಳಿಂದ ಮರದ ಕೆಳಗೆ ಆರಿಸಿಕೊಂಡು ತಿನ್ನುತ್ತಿದ್ದ ಹೂವಿನ ಮೇಲೆ ಒಂದು ದಿನ ಬೆಳಗಾಗುವಾಗ ಸರ್ಕಾರದ ಕಾವಲು ಕುಳಿತಿತು.

1927ರ ಅರಣ್ಯ ಕಾಯಿದೆಯನ್ನು ತೆರೆದು ನೋಡಿ. ಬೇರೆ ಹೂವುಗಳೆಲ್ಲ ಕಾಡಿನಿಂದ ಬಂದರೆ ಮಾತ್ರ ಅರಣ್ಯ ಉತ್ಪನ್ನ. ಮಹುವಾ ಹೂವು ಮತ್ತು ಬೀಜ ಮಾತ್ರ ಕಾಡಿನಲ್ಲಿ ಸಿಕ್ಕಿರಲಿ ಬಿಡಲಿ ಅರಣ್ಯ ಉತ್ಪನ್ನವೇ. ನಿಮ್ಮ ಹಿತ್ತಲಿನ ಮರದ್ದಾದರೂ ಸರಿ! ಸ್ವರಾಜ್ಯ ಬಂದ ಮೇಲೆ 1949ರಲ್ಲಿ ಮಾಡಿದ ಮುಂಬಯಿ ಪಾನನಿರೋಧ ಕಾಯಿದೆಯಲ್ಲೂ ಈ ಹೂವಿನ ಮೇಲೆ ಪ್ರತ್ಯೇಕ ದಂಡದ ಕಲಂ ಉಳಿಯಿತು. ಆ ಕಾಲಕ್ಕೆ ನಮ್ಮ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. 1956ರಲ್ಲಿ ಬಿಡುಗಡೆಯಾಗಿ ಇತ್ತ ಬಂದವು.

ಉಪ್ಪಿನ ಕಥೆಗೂ ಇದಕ್ಕೂ ಏನು ವ್ಯತ್ಯಾಸ? ಕಡಲು ಕೊಟ್ಟ ಉಪ್ಪನ್ನು ಹೆಕ್ಕಿದರೆ ಅಪರಾಧ, ಮರ ಕೊಟ್ಟ ಹೂವನ್ನು ಹೆಕ್ಕಿದರೆ ಅಪರಾಧ. ಗಾಂಧೀಜಿ 1930ರಲ್ಲಿ ದಂಡಿಯ ದಡದಲ್ಲಿ ಒಂದು ಹಿಡಿ ಉಪ್ಪೆತ್ತಿದರು. ಅದೇ ವರ್ಷ ಮುಂಬಯಿ ಪ್ರಾಂತದಲ್ಲೂ ಮಧ್ಯ ಪ್ರಾಂತದಲ್ಲೂ ಜನ ಮೀಸಲು ಅರಣ್ಯಕ್ಕೆ ನುಗ್ಗಿ ಹುಲ್ಲು, ಸೌದೆ ಕೊಯ್ದು ಅರಣ್ಯ ಸತ್ಯಾಗ್ರಹ ಮಾಡಿದರು. ಎರಡರ ಮರ್ಮ ಒಂದೇ.

ಒಡೆಯರ ಮನೆಯಲ್ಲಿ ಬೇರೆ ನ್ಯಾಯ

ಈ ಕಾಯಿದೆಗಳನ್ನು ಬರೆದವರ ಸ್ವಂತ ದೇಶದಲ್ಲಿ ಹೂ ಕೀಳುವವನಿಗೆ ಏನು ಕಾನೂನು? ಇಂಗ್ಲೆಂಡಿನ 1968ರ ಕಳವಿನ ಕಾಯಿದೆಯ 4ನೆಯ ಕಲಂ ಹೇಳುವುದು ಇಷ್ಟು: ಯಾರ ನೆಲದಲ್ಲೇ ಆಗಲಿ, ತಾನಾಗಿ ಬೆಳೆದ ಅಣಬೆಯನ್ನೋ, ತಾನಾಗಿ ಬೆಳೆದ ಗಿಡದ ಹೂ, ಹಣ್ಣು, ಎಲೆಯನ್ನೋ ಕಿತ್ತವನು ಕಳ್ಳನಲ್ಲ. ಕಿತ್ತದ್ದು ಮಾರುವುದಕ್ಕೆ ಅಥವಾ ಲಾಭಕ್ಕೆ ಆಗಿದ್ದರೆ ಮಾತ್ರ ಕಳವು. ದೊಡ್ಡ ಜಮೀನುದಾರರ ದೇಶದಲ್ಲಿಯೂ ಬಡವನ ಹಿಡಿ ಹೂವಿಗೆ ಈ ವಿನಾಯಿತಿ ಇದೆ.

ಹಾಗೆಂದು ಅಲ್ಲಿ ಗಿಡಕ್ಕೆ ರಕ್ಷಣೆ ಇಲ್ಲವೆಂದಲ್ಲ. 1981ರ ವನ್ಯಜೀವಿ ಕಾಯಿದೆಯ 13ನೆಯ ಕಲಮಿನ ಪ್ರಕಾರ, ನೆಲದೊಡೆಯನ ಅಪ್ಪಣೆ ಇಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳಕೂಡದು. ತೀರ ಅಪರೂಪದ ಗಿಡಗಳಿಗೆ ಒಂದು ಪಟ್ಟಿಯಿದೆ. ಅವುಗಳ ಹೂವನ್ನೂ ಮುಟ್ಟಕೂಡದು. ಬ್ಲೂಬೆಲ್ ಎಂಬ ನೀಲಿ ಹೂವಿನ ಗಿಡವನ್ನು ಕಾಡಿನಿಂದ ತಂದು ಮಾರುವುದನ್ನು 1998ರಿಂದ ತಡೆದಿದ್ದಾರೆ. ಇಲ್ಲಿ ವಿವೇಕ ಕಾಣುತ್ತದೆ. ಹೂ ಕೀಳುವುದು ಬೇರೆ, ಬೇರು ಕೀಳುವುದು ಬೇರೆ. ಮುಡಿಯುವುದಕ್ಕೆ ಕೀಳುವುದು ಬೇರೆ, ಲಾರಿ ತುಂಬುವುದಕ್ಕೆ ಕೀಳುವುದು ಬೇರೆ. ಎಲ್ಲೆಲ್ಲೂ ಇರುವ ಹೂ ಬೇರೆ, ಎಲ್ಲೋ ಒಂದೆಡೆ ಉಳಿದಿರುವ ಹೂ ಬೇರೆ. ನಮ್ಮ ಅರಣ್ಯ ಕಾಯಿದೆ ಈ ಭೇದವನ್ನು ಮಾಡಲಿಲ್ಲ. ಅದು ಒಂದೇ ಭೇದ ಮಾಡಿತು: ಪರವಾನಗಿ ಇದ್ದವನು, ಪರವಾನಗಿ ಇಲ್ಲದವನು.

ಮುಟ್ಟಲೇಬಾರದ ಹೂಗಳು

ಈಗ ಎರಡನೆಯ ಪ್ರಶ್ನೆ, ಗಿಡ ಯಾವುದು? ಕಾಯಿದೆ ಎಂದರೆಲ್ಲ ಜುಲುಮೆ ಎಂದು ಕೂಗಿದರೆ ನಾವು ನಮ್ಮ ಮಕ್ಕಳಿಗೇ ದ್ರೋಹ ಮಾಡಿದಂತೆ. ಕೆಲವು ಹೂವುಗಳನ್ನು ಕೀಳಲೇಬಾರದು. ಅದಕ್ಕೆ ಮಾಡಿದ ಕಾಯಿದೆ ನ್ಯಾಯವಾದದ್ದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ 17-ಎ ಎಂಬ ಕಲಂ ಸೇರಿತು. ಪಟ್ಟಿಯಲ್ಲಿ ಹೆಸರಿಸಿದ ಗಿಡಗಳನ್ನು ಅರಣ್ಯ ಭೂಮಿಯಿಂದ ಬೇಕೆಂದೇ ಕೀಳುವುದು, ಬೇರು ಕೀಳುವುದು, ಹಾಳುಮಾಡುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಮೊದಲು ಆ ಪಟ್ಟಿಯಲ್ಲಿ ಇದ್ದವು ಆರೇ ಬಗೆ: ಒಂದು ಸೈಕಾಸ್, ನೀಲಿ ಮತ್ತು ಕೆಂಪು ವಾಂಡಾ, ಲೇಡೀಸ್ ಸ್ಲಿಪ್ಪರ್ ಸೀತಾಳೆಗಳು, ಕುತ್ ಎಂಬ ಔಷಧಿ ಬೇರು, ಹೂಜಿ ಗಿಡ. ಇವುಗಳಲ್ಲಿ ಬಹುಪಾಲು ಹಿಮಾಲಯದ, ಈಶಾನ್ಯದ ಗಿಡಗಳು. ನಮ್ಮ ಪೇಟೆಯ ಹೂವಿನ ಬುಟ್ಟಿಯಲ್ಲಿ ಬರುವಂಥವಲ್ಲ. 2022ರ ತಿದ್ದುಪಡಿಯಿಂದ ಪಟ್ಟಿ ಉದ್ದವಾಗಿ, ನೀಲಕುರಿಂಜಿಯೂ ಅದಕ್ಕೆ ಸೇರಿತು. ಶಿಕ್ಷೆ ಮೂರು ವರ್ಷದವರೆಗಿನ ಸಜೆ, ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡೂ.

ಕುರಿಂಜಿಗೆ ಇಷ್ಟು ಬಿಗಿ ಯಾಕೆ? ಅದು ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ. ಮುನ್ನಾರಿನ ಬೆಟ್ಟಗಳಲ್ಲಿ 1994, 2006, 2018ರಲ್ಲಿ ಅರಳಿತು. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯಲ್ಲೂ 2022ರಲ್ಲಿ ಗುಡ್ಡವೆಲ್ಲ ನೀಲಿಯಾಗಿ, ನೋಡಲು ಜಾತ್ರೆಯಂತೆ ಜನ ಸೇರಿದರು. ಹೂ ಬಿಟ್ಟು, ಬೀಜ ಉದುರಿಸಿ, ಗಿಡ ಸಾಯುತ್ತದೆ. ಮುಂದಿನ ಸಂತತಿ ಆ ಬೀಜದಿಂದಲೇ ಏಳಬೇಕು. ತುಂಬೆಯ ಹೂ ಕಿತ್ತರೆ ನಾಳೆ ಮತ್ತೊಂದು ಅರಳೀತು. ಕುರಿಂಜಿಯ ಹೂ ಕಿತ್ತರೆ ಹನ್ನೆರಡು ವರ್ಷದ ದುಡಿಮೆಯನ್ನೇ ಕಿತ್ತಂತೆ. ಫೋಟೋ ತೆಗೆಸಿಕೊಳ್ಳುವುದಕ್ಕೆ ಕಾರಿನಲ್ಲಿ ಬಂದು ತೋಳ ತುಂಬ ಕೀಳುವವನನ್ನು ತಡೆದರೆ ನಾವು ಗಾರ್ಡಿನ ಪಕ್ಷ.

ಹಾಗೆಯೇ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅದೇ ಕಾಯಿದೆಯ ಪ್ರಕಾರ ಸೊಪ್ಪನ್ನೂ ಹೂವನ್ನೂ ಅಪ್ಪಣೆಯಿಲ್ಲದೆ ತೆಗೆಯುವಂತಿಲ್ಲ. ಬಂಡೀಪುರ, ನಾಗರಹೊಳೆ, ಕುದುರೆಮುಖ ಇಂಥ ಜಾಗಗಳು.

ಆ ಅಕ್ಕನ ಬುಟ್ಟಿಯಲ್ಲಿದ್ದ ಗೌರಿ ಹೂವಿನ ವಿಷಯ? ಅದು ಗಡ್ಡೆಯಿಂದ ಹುಟ್ಟುವ ಬಳ್ಳಿ. ಹೂ ಕಿತ್ತರೆ ಗಡ್ಡೆ ನೆಲದಲ್ಲೇ ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಔಷಧಿ ವ್ಯಾಪಾರಕ್ಕೆಂದು ಗಡ್ಡೆಯನ್ನೇ ಅಗೆದರೆ ಬಳ್ಳಿಯ ವಂಶವೇ ಮುಗಿಯಿತು. ಹೂ ಮಾರುವವರಿಗೂ ಕೊಳ್ಳುವ ಅಂಗಡಿಯವರಿಗೂ ನಮ್ಮದೊಂದು ಮಾತು: ಹೂ ತನ್ನಿ, ಬೇರು ತರಬೇಡಿ; ಎಲ್ಲವನ್ನೂ ಕೀಳದೆ ಬೀಜಕ್ಕೆ ಅಷ್ಟು ಬಿಡಿ. ಪಟ್ಟಿಯ ಗಿಡವನ್ನು ಕೊಂಡು ಇಟ್ಟುಕೊಂಡ ಅಂಗಡಿಯವನೂ ಅಪರಾಧಿಯೇ ಎಂಬುದು ಸಣ್ಣ ವ್ಯಾಪಾರಿಗಳ ನೆನಪಿನಲ್ಲಿರಲಿ.

2006ರ ಕಾಯಿದೆ ಕೊಟ್ಟ ಹಕ್ಕು

ಮೂರನೆಯ ಪ್ರಶ್ನೆ, ಕಿತ್ತವರು ಯಾರು, ಯಾತಕ್ಕೆ? ಹಳೆಯ ಕಾಯಿದೆಗಳಿಗೆ ಈ ಪ್ರಶ್ನೆ ಹೆಚ್ಚಾಗಿ ಬೇಕಿರಲಿಲ್ಲ. 17-ಎ ಕಲಮಿನಲ್ಲಿ ಒಂದಿಷ್ಟು ಕರುಣೆಯಿದೆ: ಪರಿಶಿಷ್ಟ ಪಂಗಡದವರು ತಾವು ವಾಸಿಸುವ ಜಿಲ್ಲೆಯಲ್ಲಿ, ತಮ್ಮ ಸ್ವಂತ ಉಪಯೋಗಕ್ಕೆ, ಪಟ್ಟಿಯ ಗಿಡವನ್ನೂ ಕೀಳಬಹುದು, ಅಭಯಾರಣ್ಯದ ನಿಯಮ ಮೀರಕೂಡದು, ಅಷ್ಟೇ. ನಿಜವಾದ ಬದಲಾವಣೆ ಬಂದದ್ದು 2006ರ ಅರಣ್ಯ ಹಕ್ಕು ಕಾಯಿದೆಯಿಂದ. ಕಾಡುಜನರಿಗೆ ಚರಿತ್ರೆಯಲ್ಲಿ ಅನ್ಯಾಯವಾಗಿದೆ, ಅದನ್ನು ಸರಿಪಡಿಸಬೇಕು ಎಂದು ಪಾರ್ಲಿಮೆಂಟು ಆ ಕಾಯಿದೆಯ ಪೀಠಿಕೆಯಲ್ಲೇ ಒಪ್ಪಿತು.

ಅದರ 3ನೆಯ ಕಲಮಿನ ಪ್ರಕಾರ, ಕಿರು ಅರಣ್ಯ ಉತ್ಪನ್ನದ ಮೇಲೆ ಕಾಡುವಾಸಿಗಳಿಗೆ ಒಡೆತನವುಂಟು. ಅದನ್ನು ಸಂಗ್ರಹಿಸುವ, ಬಳಸುವ, ಮಾರುವ ಹಕ್ಕುಂಟು. ಮರಮಟ್ಟು ಬಿಟ್ಟು ಗಿಡಮೂಲವಾದದ್ದೆಲ್ಲ ಕಿರು ಅರಣ್ಯ ಉತ್ಪನ್ನ. ಹೂವೂ ಅದರಲ್ಲಿ ಸೇರಿತು. ಅಭಯಾರಣ್ಯವೂ ರಾಷ್ಟ್ರೀಯ ಉದ್ಯಾನವೂ ಈ ಕಾಯಿದೆಗೆ ಹೊರತಲ್ಲ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ವಾಸವಿದ್ದು ಕಾಡನ್ನು ನಂಬಿ ಬದುಕುತ್ತಿರಬೇಕು. ಇತರರಾದರೆ ಆ ತಾರೀಕಿಗೆ ಮೂರು ತಲೆಮಾರು, ಎಂದರೆ 75 ವರ್ಷ, ಹಾಗೆ ಬದುಕಿದ್ದನ್ನು ತೋರಿಸಬೇಕು. ಈ 75 ವರ್ಷದ ಷರತ್ತು ಎಷ್ಟೋ ಬಡವರನ್ನು ಹೊರಗಿಟ್ಟಿದೆ. ಆದರೂ ಬಾಗಿಲು ತೆರೆದದ್ದು ನಿಜ.

ಇದರ ಫಲ ನಮ್ಮ ನಾಡಿನಲ್ಲೇ ಉಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ದೊಡ್ಡ ಸಂಪಿಗೆ ಮರವೇ ದೇವರು. ಅಭಯಾರಣ್ಯದ ಹೆಸರಿನಲ್ಲಿ ಅವರು ಜೇನು, ನೆಲ್ಲಿ, ಪಾಚಿ ತಂದು ಮಾರುವುದನ್ನು 2000ದ ದಶಕದಲ್ಲಿ ತಡೆಯಲಾಯಿತು. 2011ರಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವೂ ಆಯಿತು. ಆದರೆ ಸೋಲಿಗರು ಸಂಘ ಕಟ್ಟಿ, ಗ್ರಾಮಸಭೆಯ ಮೂಲಕ ಅರ್ಜಿ ಹಾಕಿ, ಅದೇ 2011ರಲ್ಲಿ 25 ಗ್ರಾಮಸಭೆಗಳ ಹೆಸರಿನಲ್ಲಿ ಸಮುದಾಯದ ಹಕ್ಕುಪತ್ರ ಪಡೆದರು. ಹುಲಿಯ ಕಾಡಿನಲ್ಲೇ ಜನರ ಹಕ್ಕು ಕಾಗದಕ್ಕೆ ಬಂತು.

ದಾರಿ ಹೀಗೆ. ಹಕ್ಕು ಕೊಡುವ ಮೊದಲ ಸಭೆ ಗ್ರಾಮಸಭೆ. ಅಲ್ಲಿ ಅರಣ್ಯ ಹಕ್ಕು ಸಮಿತಿ ಆರಿಸಬೇಕು. ಮನೆ, ಸಾಗುವಳಿಯ ಹಕ್ಕಿಗೆ 'ಎ' ನಮೂನೆ. ಹೂ, ಹಣ್ಣು, ಜೇನಿನಂಥ ಸಮುದಾಯದ ಹಕ್ಕಿಗೆ 'ಬಿ' ನಮೂನೆ. ಗ್ರಾಮಸಭೆಯ ಠರಾವು ಉಪವಿಭಾಗದ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಗ್ರಾಮಸಭೆಯ ಠರಾವಿನಿಂದ ಅನ್ಯಾಯವಾಯಿತೆನ್ನುವವರು 60 ದಿನದೊಳಗೆ ಉಪವಿಭಾಗದ ಸಮಿತಿಗೆ ಅರ್ಜಿ ಕೊಡಬಹುದು. 2012ರ ನಿಯಮಗಳ ಪ್ರಕಾರ, ಹಕ್ಕು ಪಡೆದವರು ತಂದ ಕಿರು ಉತ್ಪನ್ನಕ್ಕೆ ಸಾಗಾಣಿಕೆಯ ಪರವಾನಗಿ ಕೊಡುವವರು ಗ್ರಾಮಸಭೆಯ ಸಮಿತಿಯವರೇ. ಪೇಟೆಯ ವ್ಯಾಪಾರಿಗಳು ಆ ಚೀಟಿಯನ್ನು ಕೇಳಿ ಪಡೆಯಿರಿ; ಮಾಲಿಗೂ ನಿಮಗೂ ಅದೇ ಕಾಪು. ಕೆಲವು ಕಿರು ಅರಣ್ಯ ಉತ್ಪನ್ನಗಳಿಗೆ ಬೆಂಬಲ ಬೆಲೆಯ ಯೋಜನೆಯೂ 2013-14ರಲ್ಲಿ ಆರಂಭವಾಯಿತು.

ಬುಟ್ಟಿ ಇಳಿಸಿಕೊಂಡರೆ

ಇಷ್ಟೆಲ್ಲ ಕೇಳಿದ ಮೇಲೆ, ನಾಳೆ ದಾರಿಯಲ್ಲಿ ತಡೆದರೆ ಏನು ಮಾಡಬೇಕು? ಜಗಳ ಬೇಡ, ಓಡುವುದೂ ಬೇಡ. ಒಬ್ಬೊಬ್ಬರೇ ಹೋಗದೆ ಜೊತೆಯಾಗಿ ಹೋಗಿ. ಹೂ ಎಲ್ಲಿ ಕಿತ್ತದ್ದೆಂದು ನಿಜ ಹೇಳಿ. ಹೊಲದ ಹೂವಾದರೆ ಹೊಲದವರ ಹೆಸರು ಹೇಳಿ. "ಸ್ವಾಮಿ, ಆ ಜಾಗ ಮೀಸಲು ಅರಣ್ಯವೇ? ಯಾವ ಕಲಮಿನ ಕೆಳಗೆ ಹಿಡಿಯುತ್ತೀರಿ?" ಎಂದು ಮರ್ಯಾದೆಯಿಂದಲೇ ಕೇಳಿ. ಮಾಲು ಹಿಡಿದರೆ ಅದಕ್ಕೆ ಕಾಗದವಾಗಬೇಕು. ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಬೇಕು. ಅದರ ನಕಲು ಕೇಳಿ. ಸಣ್ಣ ಅಪರಾಧಗಳನ್ನು ಹಣ ಕಟ್ಟಿಸಿಕೊಂಡು ಅಲ್ಲಿಗೇ ಮುಗಿಸುವ ಅಧಿಕಾರ ಗೊತ್ತುಪಡಿಸಿದ ಅಧಿಕಾರಿಗಳಿಗೆ ಉಂಟು. ಆದರೆ ಆ ಹಣಕ್ಕೆ ರಸೀದಿ ಉಂಟು. ರಸೀದಿ ಇಲ್ಲದ ಹಣವನ್ನು ಕಾಯಿದೆ ದಂಡ ಎನ್ನುವುದಿಲ್ಲ. ಜನ ಅದಕ್ಕೆ ಏನೆನ್ನುತ್ತಾರೆಂದು ನಾವು ಹೇಳಬೇಕಾಗಿಲ್ಲ. ಇನ್ನು, ಗಾರ್ಡು ನಮ್ಮ ಶತ್ರುವಲ್ಲ. ಅವನೂ ಸಂಬಳಕ್ಕೆ ದುಡಿಯುವವನೇ, ಮಳೆಯಲ್ಲಿ ಆನೆಯ ಕಾಡಿನಲ್ಲಿ ಒಬ್ಬನೇ ತಿರುಗುವವನು. ಅವನಿಗೂ ಕಾಯಿದೆಯನ್ನು ಯಾರೂ ಸರಿಯಾಗಿ ಓದಿ ಹೇಳಿರುವುದಿಲ್ಲ.

ಬೆಟ್ಟ ಕಿತ್ತವರ ಲೆಕ್ಕ

ಕೊನೆಯದಾಗಿ ಒಂದು ಹೋಲಿಕೆ. ಬಳ್ಳಾರಿಯ ಕಬ್ಬಿಣದ ಬೆಟ್ಟಗಳನ್ನು ಅರಣ್ಯದ ಗಡಿ ಮೀರಿ ಅಗೆದು ಲಾರಿಗಟ್ಟಲೆ ಅದಿರು ಬಂದರಿಗೆ ಸಾಗಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಇದನ್ನು ವಿಚಾರಣೆ ಮಾಡಿ 2008ರಲ್ಲಿ ಒಂದು ವರದಿ, 2011ರ ಜುಲೈಯಲ್ಲಿ ಇನ್ನೊಂದು ವರದಿ ಕೊಟ್ಟರು. ಅದೇ ಜುಲೈ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಅಷ್ಟು ವರ್ಷ ಆ ಲಾರಿಗಳು ಹೋದದ್ದೂ ರಸ್ತೆಯ ಮೇಲೆಯೇ, ತನಿಖಾ ಠಾಣೆಗಳ ಮುಂದೆಯೇ. ಅರಣ್ಯ ಉತ್ಪನ್ನ ಸರ್ಕಾರದ್ದೆಂದು ಭಾವಿಸತಕ್ಕದ್ದು ಎಂಬ ಕಲಂ ಆಗಲೂ ಪುಸ್ತಕದಲ್ಲಿತ್ತು. ಕಾಡಿನಿಂದ ಬಂದ ಕಲ್ಲೂ ಖನಿಜವೂ ಅದೇ ಕಾಯಿದೆಯಲ್ಲಿ ಹೂವಿನ ಹಾಗೆಯೇ ಅರಣ್ಯ ಉತ್ಪನ್ನ! ಹೂವಿನ ಬುಟ್ಟಿಯನ್ನು ಕಂಡ ಕಣ್ಣಿಗೆ ಲಾರಿ ಕಾಣಲಿಲ್ಲ.

ಆದುದರಿಂದ ಸಂಗಾತಿಗಳೇ, ಕಾಯಿದೆ ಬೇಡವೆನ್ನುವುದು ನಮ್ಮ ವಾದವಲ್ಲ. ಕಾಯಿದೆ ಸರಿಯಾದ ಕೈಯನ್ನು ಹಿಡಿಯಲಿ ಎನ್ನುವುದು ನಮ್ಮ ವಾದ. ಈ ಸಭೆಯ ಮುಂದೆ ನಾಲ್ಕು ಬೇಡಿಕೆ ಇಡುತ್ತೇವೆ. ಒಂದು, ಮೀಸಲು ಅರಣ್ಯದ ಗಡಿಯಲ್ಲಿ ಏನು ನಿಷಿದ್ಧ, ಏನು ನಿಷಿದ್ಧವಲ್ಲ ಎಂದು ಕನ್ನಡದಲ್ಲಿ ಬರೆದ ಫಲಕ ಹಾಕಬೇಕು. ಎರಡು, ಕೀಳಬಾರದ ಗಿಡಗಳ ಚಿತ್ರಪಟವನ್ನು ಶಾಲೆಗಳಲ್ಲೂ ಸಂತೆಯ ಚಾವಡಿಗಳಲ್ಲೂ ತೂಗುಹಾಕಬೇಕು. ಮೂರು, ಹಬ್ಬಕ್ಕೆ, ಮುಡಿಗೆ, ಮನೆಮದ್ದಿಗೆ ಕೀಳುವ ಸಾಮಾನ್ಯ ಹೂವಿಗೆ ಮೊಕದ್ದಮೆ ಇಲ್ಲವೆಂದು ನಿಯಮದಲ್ಲೇ ಬರೆಯಬೇಕು. ತಲೆಹೊರೆಯಷ್ಟು ಹೂ ತಂದು ಮಾರಿ ಬದುಕುವ ಬಡವರನ್ನೂ ಅದರಲ್ಲಿ ಸೇರಿಸಬೇಕು. ನಾಲ್ಕು, ಕಾಡಂಚಿನ ಹಳ್ಳಿಗಳ ಸಮುದಾಯ ಹಕ್ಕಿನ ಅರ್ಜಿಗಳನ್ನು ಕಪಾಟಿನಲ್ಲಿ ಕೊಳೆಯಲು ಬಿಡದೆ ತೀರ್ಮಾನಿಸಬೇಕು.

ಸರ್ಕಾರ ಇದನ್ನು ಕೇಳುವ ತನಕ ನಾವು ಸುಮ್ಮನೆ ಕೂರುವುದಿಲ್ಲ. 'ಬಿ' ನಮೂನೆಗಳನ್ನು ತರಿಸಿಡುತ್ತೇವೆ. ಗಿರಣಿಯಲ್ಲಿ ಓದುಬರಹ ಬಲ್ಲ ತರುಣರು ಹತ್ತು ಮಂದಿ ಹೆಸರು ಕೊಡಿ. ವಾರದ ರಜೆಯ ದಿನ ಹಳ್ಳಿಗಳಿಗೆ ಹೋಗಿ ಗ್ರಾಮಸಭೆಯಲ್ಲಿ ಅರ್ಜಿ ಬರೆದುಕೊಡೋಣ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಆ ಹಳ್ಳಿಗಳಿಂದಲೇ ಬಂದವರು. ಹೂ ತರುವವರು ನಿಮ್ಮ ತಾಯಿ, ಅತ್ತೆ, ತಂಗಿಯರೇ. ಹೆಸರು ಬರೆಸುವ ಪುಸ್ತಕ ಬಾಗಿಲ ಬಳಿ ಮೇಜಿನ ಮೇಲಿದೆ.